ಹುಬ್ಬಿನ ಮೇಲಿನ ಹೆಸರು

2020ರ ಬೇಸಿಗೆಯಲ್ಲಿ ಊರೆಲ್ಲ ಮಾಸ್ಕ್ ಹಾಕಿಕೊಂಡಾಗ ನನ್ನ ಪಾಲಿಗೆ ಜನರ ಮಾತೇ ನಿಂತುಹೋಯಿತು. ನಾನು ಹುಟ್ಟುಕಿವುಡಿ, ತುಟಿ ನೋಡಿ ಮಾತು ಹಿಡಿಯುವವಳು. ಶಾಲೆಯಲ್ಲಿ ಕಲಿಸಿದ್ದೂ ಅಷ್ಟೇ: ತುಟಿ ನೋಡು, ಬಾಯಿಬಿಟ್ಟು ಹೇಳು. ಕೈ ಆಡಿಸಿದರೆ ಬೆರಳ ಗೆಣ್ಣಿಗೆ ಸ್ಕೇಲಿನ ಏಟು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸನ್ನೆಯಲ್ಲಿ ಮಾತಾಡುತ್ತಿದ್ದರೆ ಅಮ್ಮ ನನ್ನನ್ನು ಆಚೆ ಎಳೆದುಕೊಂಡು ಹೋಗುತ್ತಿದ್ದಳು.

ಆ ಏಪ್ರಿಲ್‌ನಲ್ಲಿ ವಾಟ್ಸಾಪ್ ವಿಡಿಯೊ ಕರೆಗೆ ನಾಲ್ವರ ಬದಲು ಎಂಟು ಜನ ಸೇರುವಂತಾಯಿತು. ಶಾಲೆಯ ಗೆಳತಿಯೊಬ್ಬಳು ನನ್ನನ್ನು ಕಿವುಡರ ಗುಂಪಿಗೆ ಸೇರಿಸಿದಳು. ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿ, ಬೆಳಕು ಮುಖಕ್ಕೆ ಬೀಳುವಂತೆ ಕೂತೆ. ನಮಗೆ ಎರಡು ಕೈಯೂ ಖಾಲಿ ಇರಬೇಕಲ್ಲ. ಹುಬ್ಬಳ್ಳಿ, ಮೈಸೂರು, ಬಳ್ಳಾರಿಯವರೆಲ್ಲ ಚಿಕ್ಕ ಚಿಕ್ಕ ಚೌಕಗಳಲ್ಲಿ ಒಟ್ಟಿಗೇ ಕೈ ಬೀಸುತ್ತಿದ್ದರು.

ಗೆಳತಿ ಹೇಳಿಕೊಟ್ಟಂತೆ ಎರಡೂ ಕೈಯಲ್ಲಿ ಒಂದೊಂದೇ ಅಕ್ಷರ ಜೋಡಿಸಿ ನನ್ನ ಹೆಸರು ಹೇಳತೊಡಗಿದೆ. ಹುಬ್ಬಳ್ಳಿಯ ಅಕ್ಕ ಅರ್ಧಕ್ಕೇ ತಡೆದು, ನನ್ನ ಮುಖವನ್ನೇ ದಿಟ್ಟಿಸಿ, ತೋರುಬೆರಳಿನಿಂದ ತನ್ನ ಎಡ ಹುಬ್ಬನ್ನು ಓರೆಯಾಗಿ ಗೀರಿದಳು. ಉಳಿದವರೂ ಹಾಗೇ ಗೀರಿ ತಲೆಯಾಡಿಸಿದರು. ಇನ್ನು ಮೇಲೆ ಅದೇ ನಾನು! ನಮ್ಮಲ್ಲಿ ಸನ್ನೆಹೆಸರನ್ನು ಸಾಮಾನ್ಯವಾಗಿ ಕಿವುಡರೇ ಕೂಡಿ ಇಡುತ್ತಾರೆ. ಮುಖದ ಗುರುತು, ಜಡೆ, ನಗುವ ರೀತಿ, ಯಾವುದಾದರೂ ಆಗಬಹುದು. ನನ್ನ ಹುಬ್ಬಿನ ಮೇಲೆ ಓರೆಯಾಗಿ ಒಂದು ಗಾಯದ ಕಲೆಯಿದೆ. ಅದನ್ನು ಹೆಣ್ಣು ನೋಡಲು ಬಂದವರಿಗೆ ಕಾಣದಂತೆ ಅಮ್ಮ ಕೂದಲು ಬಾಚಿ ಮುಚ್ಚುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ನಾನು ಸನ್ನೆ ಕಲಿತದ್ದು ಆ ಗುಂಪಿನಲ್ಲೇ. ಜಗಳವೂ ಉಂಟು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂದಿತು. 2021ರ ಹೊತ್ತಿಗೆ ಅದು 10,000ಕ್ಕೆ ಬೆಳೆಯಿತು. ಹುಡುಗರು ಅದರ ವಿಡಿಯೊ ಹಾಕಿದರೆ, ಹಿರಿಯರು 'ನಮ್ಮೂರಲ್ಲಿ ಹೀಗೆ' ಎಂದು ತಮ್ಮ ಸನ್ನೆ ತೋರಿಸುತ್ತಾರೆ. ಎರಡೂ ಉಳಿಯಲಿ ಎನ್ನುವವಳು ನಾನು. ನಮ್ಮ ಕೈ ಹೇಗೆ ಆಡಬೇಕೆಂದು ಇಷ್ಟು ಕಾಲ ಕಿವಿ ಕೇಳುವವರೇ ತೀರ್ಮಾನಿಸಿದ್ದು ಸಾಕು.

ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಈಗ ಮೊದಲೇ ಕಿವಿ ತೋರಿಸಿ, ಕಿವುಡಿ ಎಂದು ಬರೆದುಕೊಡುತ್ತೇನೆ. ಅಮ್ಮ ಊಟ, ಮಾತ್ರೆ, ಬೇಡ ಎನ್ನುವ ಸನ್ನೆಗಳನ್ನು ಕಲಿತಿದ್ದಾಳೆ. ಹುಬ್ಬು ಗೀರಿ ನನ್ನನ್ನು ಕರೆಯಲು ಮಾತ್ರ ಇನ್ನೂ ಒಪ್ಪಿಲ್ಲ. ನಾನೂ ಬಿಟ್ಟಿಲ್ಲ, ದಿನಾ ಕೇಳುತ್ತಿದ್ದೇನೆ.