ಮೆರಿದಾದ ರೋಮನ್ ರಂಗಮಂದಿರ: ಹೋಗುವವರಿಗೆ ಒಂದಿಷ್ಟು ಮಾತು

ಸ್ಪೇನ್ ಪ್ರವಾಸದಲ್ಲಿ ಸೆವಿಲ್‌ವರೆಗೆ ಹೋಗುವವರು ಮೆರಿದಾಕ್ಕೂ ಒಂದು ರಾತ್ರಿ ಇಟ್ಟುಕೊಳ್ಳಿ. ಬಸ್ಸಿನಲ್ಲಿ ಸುಮಾರು ಎರಡೂವರೆ ಗಂಟೆ. ನಾನು ಅಮ್ಮನನ್ನು ಕರೆದುಕೊಂಡು ಮೇ ತಿಂಗಳಲ್ಲಿ ಹೋಗಿದ್ದೆ.

ತಿಂಗಳು ಮುಖ್ಯ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ನಾಟಕೋತ್ಸವ. 1933ರಲ್ಲಿ ಶುರುವಾದದ್ದು. ರಾತ್ರಿ ನಾಟಕ ನೋಡುವ ಆಸೆಯಿದ್ದರೆ ಆಗಲೇ ಹೋಗಿ. ಆದರೆ ಹಗಲು ಕಟ್ಟಡ ನೋಡುವವರಿಗೆ ಸೆಟ್ಟು, ಲೈಟು ಎಲ್ಲಾ ಅಡ್ಡ ಬರುತ್ತವೆ. ಬಿಸಿಲೂ 40 ಡಿಗ್ರಿ ದಾಟುತ್ತದೆ.

ನಿವೃತ್ತ ಸೈನಿಕರಿಗಾಗಿ ಚಕ್ರವರ್ತಿ ಅಗಸ್ಟಸ್ ಕಟ್ಟಿಸಿದ ಊರು ಇದು. ಅವನ ಅಳಿಯ ಅಗ್ರಿಪ್ಪ ಕ್ರಿಸ್ತಪೂರ್ವ 16–15ರಲ್ಲಿ ಈ ರಂಗಮಂದಿರ ಕಟ್ಟಿಸಿದ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಮೊದಲು ಪಕ್ಕದ ಬಾಗಿಲುಗಳ ಮೇಲೆ ಕಣ್ಣು ಹಾಯಿಸಿ. ಕಲ್ಲಿನಲ್ಲಿ ಅಗ್ರಿಪ್ಪನ ಹೆಸರು ಕೊರೆದಿದೆ. ಲ್ಯಾಟಿನ್ ಬಾರದ ನಾನೂ ಅಕ್ಷರ ಕೂಡಿಸಿ ಓದಿದೆ. ಎರಡು ಸಾವಿರ ವರ್ಷದ ಹಿಂದಿನ ಹೆಸರು! ಮೈ ಜುಮ್ಮೆಂದಿತು.

ಕತ್ತಲೆಯ ಕಮಾನು ದಾರಿಯಿಂದ ಹೊರಬಂದರೆ ಎದುರಿಗೇ ವೇದಿಕೆ. ಹಿಂದೆ ಎರಡು ಅಂತಸ್ತಿನ ಕಂಬಗಳು. ಕಂಬದ ಮೈ ಬೂದು ನೀಲಿ, ತಲೆ ಬಿಳಿ. ಇವೆಲ್ಲ ಬಿದ್ದು ಮಣ್ಣಾಗಿದ್ದವು, 20ನೇ ಶತಮಾನದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು.

ಮೆಟ್ಟಿಲುಗಳು ಎತ್ತರ, ಅಂಚು ಸವೆದಿವೆ. ಅಮ್ಮನಿಗೆ ಮಂಡಿ ನೋವು, ಕೆಳಗಿನ ಸಾಲಿನಲ್ಲೇ ಕೂತರು. ವಯಸ್ಸಾದವರನ್ನು ಮೇಲೆ ಹತ್ತಿಸಬೇಡಿ, ಕೆಳಗಿನಿಂದಲೇ ನೋಟ ಚೆನ್ನಾಗಿದೆ. ಹಿಡಿತವಿರುವ ಶೂ, ಟೋಪಿ, ನೀರು ಬೇಕೇ ಬೇಕು.

ಕಾಲು ಗಟ್ಟಿ ಇರುವವರು ಮಾತ್ರ ಮೇಲಿನ ಸಾಲಿಗೆ ಹೋಗಿ ನೋಡಿ. 1910ರಲ್ಲಿ ಅಗೆಯುವವರೆಗೆ ಇಡೀ ರಂಗಮಂದಿರ ಮಣ್ಣಿನಡಿ ಇತ್ತು. ಹೊರಗೆ ಕಾಣುತ್ತಿದ್ದದ್ದು ತುದಿಯ ಏಳು ಕಲ್ಲಿನ ತುಂಡುಗಳು ಮಾತ್ರ. ಊರಿನವರು ಅವನ್ನು ‘ಏಳು ಕುರ್ಚಿ’ ಅನ್ನುತ್ತಿದ್ದರು. ‘ಮೂರ್’ ಜನಾಂಗದ (ಸ್ಪೇನ್ ಆಳಿದ ಉತ್ತರ ಆಫ್ರಿಕದ ಮುಸ್ಲಿಮರು) ಏಳು ರಾಜರು ಅಲ್ಲಿ ಕೂತು ಊರಿನ ಭವಿಷ್ಯ ನಿರ್ಧರಿಸಿದರು ಅಂತ ಕತೆ. ಅಮ್ಮನಿಗೆ ಇದನ್ನು ಹೇಳಿದಾಗ, “ನಮ್ಮೂರ ಗುಡ್ಡದ ಬಂಡೆಗೂ ಹೀಗೇ ಕತೆ ಇದೆ ಅಲ್ವಾ” ಅಂದರು.

ಪಕ್ಕದಲ್ಲಿರುವ, ಗ್ಲಾಡಿಯೇಟರ್‌ಗಳು ಕಾದಾಡುತ್ತಿದ್ದ ರೋಮನ್ ಅಖಾಡಕ್ಕೂ ಇದೇ ಟಿಕೆಟ್. ವೇದಿಕೆಯ ಮೇಲಿರುವ ವಿಗ್ರಹಗಳು ನಕಲು, ಅಸಲಿಯವು ಎದುರಿನ ರೋಮನ್ ಮ್ಯೂಸಿಯಂನಲ್ಲಿವೆ. ಬಿಸಿಲೇರುವ ಹೊತ್ತಿಗೆ ಅಲ್ಲಿ ಹೊಕ್ಕುಬಿಡಿ, ತಣ್ಣಗಿರುತ್ತದೆ. ಸೋಮವಾರ ಮ್ಯೂಸಿಯಂಗೆ ರಜೆ, ಆ ದಿನ ತಪ್ಪಿಸಿ.