‘ಡೇಟಾಬೇಸ್‌ನಲ್ಲಿ ಏನೂ ಸಿಗ್ತಿಲ್ಲ ಮೇಡಂ’

ಲೈಬ್ರರಿ ಕೌಂಟರ್‌ನಲ್ಲಿ ಕೂರುವ ನನಗೆ ಪ್ರಾಜೆಕ್ಟ್ ಸಮಯ ಬಂತೆಂದರೆ ಒಂದೇ ಪ್ರಶ್ನೆ: “ಗೂಗಲ್‌ನಲ್ಲಿ ರಾಶಿ ರಾಶಿ ಬರುತ್ತೆ, ಡೇಟಾಬೇಸ್‌ನಲ್ಲಿ ಯಾಕೆ ಏನೂ ಸಿಗಲ್ಲ?” ಡೇಟಾಬೇಸ್ ಅಂದರೆ ಸಂಶೋಧನಾ ಲೇಖನಗಳನ್ನು ಹುಡುಕುವ ಆನ್‌ಲೈನ್ ಸಂಗ್ರಹ.

ಏನು ಟೈಪ್ ಮಾಡಿದಿರಿ, ತೋರಿಸಿ ಅನ್ನುತ್ತೇನೆ. ಮೊನ್ನೆ ಒಬ್ಬ ಹುಡುಗ ತೋರಿಸಿದ. ಮೊಬೈಲ್ ಬಳಕೆಯಿಂದ ಕಾಲೇಜು ವಿದ್ಯಾರ್ಥಿಗಳ ನಿದ್ದೆ ಕೆಡುತ್ತದೆಯೇ ಅಂತ ಇಡೀ ವಾಕ್ಯ ಇಂಗ್ಲಿಷಿನಲ್ಲಿ ಕೂತಿತ್ತು, ಪ್ರಶ್ನಾರ್ಥಕ ಚಿಹ್ನೆ ಸಮೇತ! ಗೂಗಲ್ ಇದರಿಂದ ಹೇಗೋ ಅರ್ಥ ಹಿಂಡಿಕೊಳ್ಳುತ್ತದೆ. ಹೆಚ್ಚಿನ ಡೇಟಾಬೇಸ್‌ಗಳು ಕೊಟ್ಟ ಪದಗಳನ್ನೇ ಹುಡುಕುತ್ತಾ ಹೋಗುತ್ತವೆ. ಒಂದು ಪದ ಹೊಂದದಿದ್ದರೂ ಒಳ್ಳೆಯ ಲೇಖನ ಕೈತಪ್ಪಬಹುದು.

ಆ ವಾಕ್ಯದಲ್ಲಿ ಬೇಕಾದದ್ದು ಮೂರೇ: ಫೋನ್, ನಿದ್ದೆ, ವಿದ್ಯಾರ್ಥಿ. ಇವುಗಳ ನಡುವೆ ‘ಆಂಡ್’ (AND) ಹಾಕಿದೆವು, ಅಂದರೆ ಮೂರೂ ಇರಬೇಕು. ಫೋನಿಗೆ ಒಬ್ಬರು ‘ಸ್ಮಾರ್ಟ್‌ಫೋನ್’ ಅಂತ ಬರೆದಿರುತ್ತಾರೆ, ಇನ್ನೊಬ್ಬರು ‘ಸೆಲ್ ಫೋನ್’ ಅಂತ. ಅವನ್ನೆಲ್ಲ ‘ಆರ್’ (OR, ಯಾವುದಿದ್ದರೂ ಸರಿ) ಹಾಕಿ ಜೋಡಿಸಿ ಆವರಣದೊಳಗಿಟ್ಟೆವು. ಆಂಡ್ ಹಾಕಿದಷ್ಟೂ ಫಲಿತಾಂಶ ಕಡಿಮೆ, ಆರ್ ಹಾಕಿದಷ್ಟೂ ಜಾಸ್ತಿ. ತುಂಬಾ ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ. ‘ನಾಟ್’ (NOT) ಮಾತ್ರ ಹುಷಾರು. ‘ಮಕ್ಕಳು ಬೇಡ’ ಅಂದರೆ ಮಕ್ಕಳನ್ನೂ ಕಾಲೇಜಿನವರನ್ನೂ ಒಟ್ಟಿಗೆ ನೋಡಿದ ಅಧ್ಯಯನವೂ ಹೊರಗೆ ಹೋಗುತ್ತದೆ.

ಇಷ್ಟನ್ನು ಯಾರಾದರೂ ಹೇಳಿಕೊಟ್ಟಾರು. ನಿಜವಾಗಿ ಸಿಕ್ಕಿಕೊಳ್ಳುವುದು ಪದದಲ್ಲೇ. ನಾವು ಹಾರ್ಟ್ ಅಟ್ಯಾಕ್ ಅನ್ನುತ್ತೇವೆ. ವೈದ್ಯಕೀಯ ಲೇಖನಗಳ ಡೇಟಾಬೇಸ್ ಪಬ್‌ಮೆಡ್‌ನಲ್ಲಿ ಆ ಲೇಖನಗಳಿಗೆ ಅಂಟಿಸಿರುವ ಚೀಟಿ ‘ಮಯೋಕಾರ್ಡಿಯಲ್ ಇನ್ಫಾರ್ಕ್ಷನ್’. ಈ ಚೀಟಿಗಳ ಪಟ್ಟಿಗೆ ‘ಮೆಶ್’ ಅಂತ ಹೆಸರು, 1960ರಿಂದ ಇದೆ. ಶಿಕ್ಷಣ ವಿಷಯದ ಡೇಟಾಬೇಸ್ ‘ಎರಿಕ್’ಗೂ ಇಂಥದ್ದೇ ಪದಕೋಶ ಇದೆ. ಅದನ್ನೆಲ್ಲ ಕೂತು ಓದಬೇಕಿಲ್ಲ. ನಿಮಗೆ ಹೊಂದುವ ಒಂದೇ ಒಂದು ಲೇಖನ ಹಿಡಿಯಿರಿ, ಸಾರಾಂಶದ ಹತ್ತಿರ ಕೊಟ್ಟಿರುವ ವಿಷಯಪದಗಳನ್ನು ನೋಡಿ, ಅವನ್ನೇ ಹಾಕಿ ಮತ್ತೆ ಹುಡುಕಿ. ಆ ಲೇಖನದ ಕೊನೆಯ ಉಲ್ಲೇಖಗಳು ಹಿಂದಿನ ಕೆಲಸ ತೋರಿಸುತ್ತವೆ, ‘ಸೈಟೆಡ್ ಬೈ’ (ಇದನ್ನು ಉಲ್ಲೇಖಿಸಿದ ಲೇಖನಗಳು) ಒತ್ತಿದರೆ ಆಮೇಲಿನದ್ದು. ನನ್ನ ಕೇಳಿದರೆ, ಹೊಸ ಹೊಸ ಪದ ಊಹಿಸುತ್ತಾ ಒಂದು ಮಧ್ಯಾಹ್ನ ಕಳೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನೊಂದು. ಸಂಶೋಧನಾ ಪತ್ರಿಕೆಗಳ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಹಲವು ಪತ್ರಿಕೆಗಳ ಇತ್ತೀಚಿನ ಕೆಲವು ವರ್ಷದ ಸಂಚಿಕೆಗಳು ಇರುವುದಿಲ್ಲ. ಹೊಸದು ಬೇಕಿದ್ದರೆ ಅಲ್ಲೇ ಕೂತು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಪೂರ್ತಿ ಪಠ್ಯ ತೆರೆಯದೆ ದುಡ್ಡು ಕೇಳಿದರೆ ಕಾರ್ಡ್ ತೆಗೆಯುವ ಮೊದಲು ಕೌಂಟರ್‌ಗೆ ಬನ್ನಿ. ಎಷ್ಟೋ ಸಲ ಬೇರೆ ಲೈಬ್ರರಿಯಿಂದ ತರಿಸಿಕೊಡಲು ಆಗುತ್ತದೆ.