ಇಷ್ಟು ಮಳೆ ಬರುವ ಊರಲ್ಲಿ ವಾಷರ್ ಪಂಪ್ ಯಾಕೆ ಅಂತ ಕೇಳುವವರಿಗೆ

ನಮ್ಮೂರಲ್ಲಿ ಕಾರಿನ ವಾಷರ್ (ಗ್ಲಾಸ್ ತೊಳೀಲಿಕ್ಕೆ ನೀರು ಚಿಮ್ಮಿಸೋದು) ಕೆಲಸ ಮಾಡ್ತಿಲ್ಲ ಅಂತ ಯಾರಿಗಾದ್ರೂ ಹೇಳಿ ನೋಡಿ, "ಜೂನ್ ಬಂತಲ್ಲ ಮಾರಾಯ್ರೆ, ಇನ್ನು ನಾಲ್ಕು ತಿಂಗಳು ಮೇಲಿನವನೇ ತೊಳೀತಾನೆ" ಅಂತ ನಗ್ತಾರೆ. ನನ್ನ ಭಾವ ಅಂತೂ ವರ್ಷಾನುಗಟ್ಟಲೆ ಹಾಗೇ ಓಡಿಸ್ತಿದ್ದಾರೆ, ಸೀಟಿನ ಬದಿಯಲ್ಲಿ ಒಂದು ಬಾಟಲಿ ನೀರು, ಗ್ಲಾಸ್ ಕೆಸರಾದ್ರೆ ಬದಿಗೆ ನಿಲ್ಲಿಸೋದು, ಕಿಟಕಿಯಿಂದ ಕೈ ಹೊರಗೆ ಹಾಕಿ ಚೆಲ್ಲೋದು, ಆಯ್ತು. ಅವರ ವಾದ ಪೂರ್ತಿ ತಪ್ಪು ಅಂತಲ್ಲ, ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಕರಾವಳಿಯಲ್ಲಿ ಧೋ ಅಂತ ಸುರಿಯುವಾಗ ವಾಷರ್ ಯಾರಿಗೂ ಬೇಡ. ಅದು ಬೇಕಾಗೋದು ಮಳೆ ಬಿಟ್ಟ ಕೂಡ್ಲೆ. ಮೇಲಿಂದ ನೀರಿಲ್ಲ, ರೋಡಲ್ಲಿ ಮಾತ್ರ ಉಂಟು, ನೀವು ಸುರತ್ಕಲ್ ದಾಟಿ ಮುಲ್ಕಿ ಕಡೆ ಹೋಗ್ತಾ ಇದ್ದೀರಿ, ಮುಂದೆ ಒಂದು ಕೆಂಪುಕಲ್ಲಿನ ಲಾರಿ, ಅದರ ಹಿಂದಿನ ಚಕ್ರದಿಂದ ಕೆಸರು ಸಣ್ಣ ಹನಿಯಾಗಿ ಎದ್ದು ಸೀದಾ ಗ್ಲಾಸಿಗೆ. ವೈಪರ್ ಹಾಕಿದ್ರೆ ಕೆಸರನ್ನು ಇನ್ನೂ ಚಂದ ಮಾಡಿ ಹರಡಿ ಕೊಡ್ತದೆ. ಅದೇ ಹೊತ್ತಿಗೆ ಎದುರಿಂದ ಹೈ ಬೀಮ್ ಹಾಕ್ಕೊಂಡು ಒಂದು ಬಸ್ಸು ಬಂದ್ರೆ ಮುಗೀತು, ಬಿಳಿ ಪರದೆ ಬಿಟ್ರೆ ಎಂತದ್ದೂ ಕಾಣೋದಿಲ್ಲ.

ಇನ್ನು ಮೀನಿನ ಲಾರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಹಾಗಾಗಿ ಆ 61 ದಿನ ಸ್ವಲ್ಪ ಪರವಾಗಿಲ್ಲ, ಆಗಸ್ಟ್ ಆದ್ಮೇಲೆ ಅವುಗಳ ಹಿಂದೆ ಸಿಕ್ಕಿಹಾಕ್ಕೊಂಡವನಿಗೆ ಗೊತ್ತು ಆ ನೀರು ಗ್ಲಾಸಿನ ಮೇಲೆ ಬಿದ್ರೆ ಹೇಗಿರ್ತದೆ ಅಂತ. ಉಪ್ಪು, ಎಣ್ಣೆ, ವಾಸನೆ ಮೂರೂ ಒಟ್ಟಿಗೆ. ಬಾಟಲಿ ನೀರಲ್ಲೆಲ್ಲ ಅದು ಹೋಗೋದಿಲ್ಲ.

ಹಾಗಾಗಿ ನಮ್ಮ ಹಳೇ ಹ್ಯಾಚ್‌ಬ್ಯಾಕಿನ ವಾಷರ್ ನಿಂತಾಗ ನಾನು ಮಳೆಗಾಲಕ್ಕೆ ಮೊದ್ಲೇ ಸರಿ ಮಾಡ್ಬೇಕು ಅಂತ ಹೊರಟೆ. ಸರ್ವಿಸ್ ಸೆಂಟರಿನಲ್ಲಿ ಕೇಳಿದ್ರೆ (ಹೆಸರು ಬೇಡ ಬಿಡಿ) ಟ್ಯಾಂಕ್ ಸಮೇತ ಅಸೆಂಬ್ಲಿಯೇ ಬದಲಾಯಿಸ್ಬೇಕು, ಬಂಪರ್ ಬಿಚ್ಬೇಕು, ಲೇಬರ್ ಬೇರೆ, ಅಂತ ದೊಡ್ಡ ಲೆಕ್ಕ ಕೊಟ್ರು. ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಮೋಟರಿಗೆ ಇಷ್ಟೆಲ್ಲ ಯಾಕೆ ಅಂತ ಮಂಡೆಬಿಸಿ ಆಗಿ ಮನೆಗೆ ಬಂದೆ.

ಮೊದಲು ಮಾಡ್ಬೇಕಾದ್ದು ಎಂತ ಅಂದ್ರೆ, ಕೇಳೋದು. ಪಾರ್ಟ್ ತರ್ಲಿಕ್ಕೆ ಓಡ್ಬೇಡಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಒಬ್ಬರನ್ನು ಒಳಗೆ ಕೂತ್ಕೊಂಡು ಸ್ಟೇರಿಂಗ್ ಬದಿಯ ವೈಪರ್ ಕಡ್ಡಿ ಎಳೀಲಿಕ್ಕೆ ಹೇಳಿ, ನೀವು ಮುಂದಿನ ಚಕ್ರದ ಹತ್ರ ಕಿವಿ ಇಟ್ಟು ಕೂತ್ಕೊಳ್ಳಿ. ಝುಂಯ್ ಅಂತ ಸೌಂಡ್ ಬಂದು ನೀರು ಬರ್ಲಿಲ್ಲ ಅಂದ್ರೆ ಪಂಪ್ ಜೀವಂತ ಉಂಟು, ತೊಂದರೆ ಬೇರೆ ಕಡೆ: ಟ್ಯಾಂಕ್ ಖಾಲಿ, ನೀರು ಚಿಮ್ಮುವ ನೋಝಲಿನಲ್ಲಿ ಧೂಳು, ಪೈಪ್ ಕಳಚಿಕೊಂಡಿದೆ, ಇಲ್ಲಾ ಇಲಿ ಕಡ್ದಿದೆ. ಇಲಿ ಅಂದ್ರೆ ನಗಬೇಡಿ, ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಬಾನೆಟ್ ಒಳಗೆ ಬಂದು ಕೂತು ವೈರ್, ಪೈಪ್ ಎಲ್ಲ ಕಡಿಯೋದು ಇಲ್ಲಿ ಮನೆಮನೆ ಕಥೆ. ಸೌಂಡೇ ಇಲ್ಲ ಅಂದ್ರೆ ಫ್ಯೂಸ್, ಕನೆಕ್ಟರ್, ಕಡ್ಡಿಯ ಸ್ವಿಚ್, ಪಂಪ್, ಈ ನಾಲ್ಕರಲ್ಲಿ ಒಂದು.

ನಮ್ಮದರಲ್ಲಿ ಸೌಂಡ್ ಇಲ್ಲ. ಫ್ಯೂಸ್ ಸರಿ ಇತ್ತು. ಮತ್ತೆ ಪಂಪಿನ ಎರಡು ಪಿನ್ನಿನ ಕನೆಕ್ಟರ್ ಎಳೆದು ನೋಡಿದ್ರೆ ಒಳಗೆ ಹಸಿರು ಕಿಲುಬು. ಕಡಲಿನ ಗಾಳಿಗೆ ಇದು ಆಗುವಂಥದ್ದೇ. ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ತೆಗೆದು, ಮಗಳಿಗೆ ಕಡ್ಡಿ ಎಳೀಲಿಕ್ಕೆ ಹೇಳಿ ವೋಲ್ಟ್ ನೋಡುವ ಮಲ್ಟಿಮೀಟರ್ ಹಿಡಿದೆ, 12 ವೋಲ್ಟ್ ಬರ್ತಾ ಉಂಟು. ಅಂದ್ರೆ ಸ್ವಿಚ್ಚಿಂದ ಇಲ್ಲಿವರೆಗೆ ಎಲ್ಲ ಸರಿ, ಕರೆಂಟ್ ಬಂದ್ರೂ ತಿರುಗದ ಪಂಪೇ ಕಳ್ಳ. ಈ ಒಂದು ಟೆಸ್ಟ್ ಮಾಡದೆ ಪಂಪ್ ತಂದು ಹಾಕಿ, ಆಮೇಲೆ ಕಿಲುಬಿನ ಕನೆಕ್ಟರೇ ಕಾರಣ ಅಂತ ಗೊತ್ತಾದವರು ಸುಮಾರು ಜನ ಇದ್ದಾರೆ.

ಇನ್ನೊಂದು ವಿಷಯ, ಹಿಂದಿನ ಗ್ಲಾಸಿಗೂ ವಾಷರ್ ಇರುವ ಕಾರುಗಳಲ್ಲಿ ತುಂಬಾ ಸಲ ಎರಡಕ್ಕೂ ಒಂದೇ ಪಂಪ್ ಇರ್ತದೆ. ಅದಕ್ಕೆ ಎರಡು ಬಾಯಿ. ಮೋಟರ್ ಒಂದು ದಿಕ್ಕಿಗೆ ತಿರುಗಿದ್ರೆ ಮುಂದಿನ ಗ್ಲಾಸಿಗೆ, ಉಲ್ಟಾ ತಿರುಗಿದ್ರೆ ಹಿಂದಿನದಕ್ಕೆ. ಮೀಟರ್ ಹಿಡಿದು ಮುಂದಿನದ್ದು ಒತ್ತಿದ್ರೆ ಪ್ಲಸ್, ಹಿಂದಿನದ್ದು ಒತ್ತಿದ್ರೆ ಮೈನಸ್ ತೋರಿಸ್ತದೆ. ನಂಗೆ ಇಡೀ ಕೆಲಸದಲ್ಲಿ ಭಾರೀ ಇಷ್ಟ ಆದ ಸಂಗತಿ ಇದು, ಎಷ್ಟು ಸಿಂಪಲ್ ಮಂಡೆ ಓಡ್ಸಿದ್ದಾರೆ ನೋಡಿ.

ಪಂಪ್ ತರ್ಲಿಕ್ಕೆ ಹೋದದ್ದು ಮಂಗಳೂರಿನ ಪಂಪ್‌ವೆಲ್ ಕಡೆಗೇ (ಜೋಕ್ ಮಾಡುವವರು ಮಾಡಿ ಆಗಿದೆ). ಅಂಗಡಿಯವರು ಮುಖ ನೋಡದೆ ಕೇಳಿದ್ದು, "ಸಿಂಗಲಾ ಡಬ್ಬಲಾ?" ನಾನು ಫೋನಲ್ಲಿ ಹಳೇ ಪಂಪಿನ ಫೋಟೋ ತೋರಿಸಿದೆ. "ಫೋಟೋದಲ್ಲಿ ಆಗ್ಲಿಕ್ಕಿಲ್ಲ ಸರ್, ಕನೆಕ್ಟರ್ ಬೇರೆ ಬೇರೆ ಬರ್ತದೆ, ಬಿಚ್ಚಿ ತನ್ನಿ" ಅಂದ್ರು. ಆಮೇಲೆ ಕಾರಿನ ಮಾಡೆಲ್, ವರ್ಷ ಎಲ್ಲ ಕೇಳಿ ಒಂದು ಪೆಟ್ಟಿಗೆ ತೆಗೆದ್ರು, 400 ರೂಪಾಯಿಗೆ ಸ್ವಲ್ಪ ಕಮ್ಮಿ, "ರಬ್ಬರ್ ಬುಶ್ ಕೂಡ ತಗೊಳ್ಳಿ, ಹಳೇದು ಹಾಕಿದ್ರೆ ಲೀಕ್ ಬರ್ತದೆ, ಮತ್ತೆ ನನ್ನನ್ನು ಬೈಬೇಡಿ" ಅಂತ ಅದನ್ನೂ ಕೊಟ್ರು. ಒಳ್ಳೇ ಮಾತು. ಪಂಪ್ ಟ್ಯಾಂಕಿಗೆ ಕೂರುವ ತೂತಿನಲ್ಲಿ ನೀರು ಸೋರದ ಹಾಗೆ ಹಿಡಿಯುವ ಆ ಬುಶ್ ಇಲ್ಲದೆ ಹೊಸ ಪಂಪ್ ತಂದು ಪ್ರಯೋಜನ ಇಲ್ಲ.

ಬಿಚ್ಚುವ ಕೆಲಸ. ನಮ್ಮ ಕಾರಲ್ಲಿ ಟ್ಯಾಂಕ್ ಇರೋದು ಎಡಗಡೆ ಬಂಪರಿನ ಹಿಂದೆ, ಮೇಲಿಂದ ನೋಡಿದ್ರೆ ನೀರು ಹಾಕುವ ಬಾಯಿ ಮಾತ್ರ ಕಾಣ್ತದೆ. ಆದ್ರೆ ಬಂಪರ್ ಬಿಚ್ಬೇಕಂತಿಲ್ಲ, ಚಕ್ರದ ಮೇಲಿನ ಕಮಾನಿನ ಒಳಗೆ ಕಪ್ಪು ಪ್ಲಾಸ್ಟಿಕ್ ಹೊದಿಕೆ ಇರ್ತದಲ್ವಾ, ಅದರ ಮುಂದಿನ ಅರ್ಧದ ಕ್ಲಿಪ್ಪುಗಳನ್ನು ತೆಗೆದು ಮಡಚಿದ್ರೆ ಕೈ ಹೋಗ್ತದೆ. ಎಡಗಡೆ ಕೆಲಸ ಅಂದ್ರೆ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಇಡಿ, ಚಕ್ರದ ಮುಂದಿನ ಭಾಗ ಒಳಗೆ ಹೋಗಿ ಜಾಗ ಸಿಗ್ತದೆ. ಹ್ಯಾಂಡ್‌ಬ್ರೇಕ್, ಬ್ಯಾಟರಿಯ ನೆಗೆಟಿವ್ ಬಿಚ್ಚೋದು, ಇದೆಲ್ಲ ಹೇಳ್ಬೇಕಂತ ಇಲ್ಲ. ಚಕ್ರ ತೆಗೆದೇ ಮಾಡ್ತೇನೆ ಅನ್ನುವವರು ಜಾಕನ್ನು ಮಾತ್ರ ನಂಬ್ಬೇಡಿ, ಸ್ಟ್ಯಾಂಡ್ ಇಡಿ. ಕ್ಲಿಪ್ಪುಗಳು ಹಳೇದಾದ್ರೆ ಮುರೀತವೆ, ಒಂದು ಡಜನ್ ಮೊದ್ಲೇ ತಂದಿಟ್ಟುಕೊಳ್ಳಿ, ಪುಡಿಗಾಸು.

ಕೆಳಗೆ ಬಾಲ್ದಿ ಇಟ್ಟೇ ಪಂಪ್ ಎಳೀಬೇಕು, ಯಾಕಂದ್ರೆ ಪಂಪ್ ಕೂತಿರೋದು ಟ್ಯಾಂಕಿನ ಅಡಿಯಲ್ಲಿ, ಅದು ಬಂದ ಕೂಡ್ಲೆ ಇದ್ದ ನೀರೆಲ್ಲ ಹೊರಗೆ. ಅಡಿಯಲ್ಲೇ ಯಾಕೆ ಇಡ್ತಾರೆ ಅಂದ್ರೆ ಇದು ನಮ್ಮ ತೋಟದ ಪಂಪಿನ ಜಾತಿಯದ್ದೇ. ಏರ್ ತಗೊಂಡ್ರೆ ತೋಟದ ಪಂಪ್ ಎಷ್ಟು ಹೊತ್ತು ಓಡಿದ್ರೂ ನೀರು ಎತ್ತೋದಿಲ್ಲ, ಮೊದಲು ಬಾಯಿಗೆ ನೀರು ತುಂಬಿಸ್ಬೇಕು ಅಲ್ವಾ, ಇದಕ್ಕೂ ಅಷ್ಟೆ, ನೀರು ತಾನಾಗಿ ಇಳಿದು ಬಂದು ರೆಕ್ಕೆಗೆ ಸಿಗ್ಬೇಕು. ಖಾಲಿ ಟ್ಯಾಂಕಿನಲ್ಲಿ ಕಡ್ಡಿ ಎಳೀತಾ ಕೂತ್ರೆ ಪಂಪ್ ಸುಡೋದೂ ಇದಕ್ಕೇ, ಅದನ್ನು ತಂಪು ಮಾಡೋದು ಆ ನೀರೇ.

ಸ್ವಲ್ಪ ತಿರುಗಿಸ್ತಾ ಅಲುಗಾಡಿಸ್ತಾ ಎಳೆದ್ರೆ ಪಂಪ್ ಬಂತು, ಬುಶ್ ಗಟ್ಟಿಯಾಗಿ ಟ್ಯಾಂಕಿಗೇ ಅಂಟಿಕೊಂಡಿತ್ತು. ಬಾಲ್ದಿಗೆ ಬಿದ್ದ ನೀರು ನೋಡಿದ್ರೆ ಪಾಯಸದ ಬಣ್ಣ, ಜೊತೆಗೆ ಪಾಚಿ. ನಮ್ಮಲ್ಲಿ ಬೋರಿನ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅದು ತಳದಲ್ಲಿ ಕೆಂಪಗೆ ಕೂರ್ತದೆ, ಪಂಪಿನ ಬಾಯಲ್ಲಿರುವ ಸಣ್ಣ ಜಾಲರಿ ಅರ್ಧ ಮುಚ್ಚಿ ಹೋಗಿತ್ತು. ಟ್ಯಾಂಕಿಗೆ ಮೇಲಿಂದ ಪೈಪಲ್ಲಿ ನೀರು ಬಿಟ್ಟು, ತಳದ ತೂತಿಂದ ತಿಳಿ ನೀರು ಬರುವವರೆಗೆ ತೊಳೆದೆ. ಈ ಕೆಲಸ ಬಿಟ್ಟು ಹೊಸ ಪಂಪ್ ಮಾತ್ರ ಹಾಕುವವರು ಮುಂದಿನ ವರ್ಷ ಮತ್ತೆ ಅಂಗಡಿಗೆ ಹೋಗುವವರೇ.

ಹೊಸ ಬುಶ್ಶನ್ನು ಮೊದಲು ಟ್ಯಾಂಕಿಗೆ ಕೂರಿಸಿ, ಸೋಪಿನ ನೀರು ಸವರಿ, ಆಮೇಲೆ ಪಂಪನ್ನು ಒತ್ತಿ. ಗ್ರೀಸ್, ಎಣ್ಣೆ ಹಚ್ಬೇಡಿ, ರಬ್ಬರ್ ಉಬ್ಬಿ ಹಾಳಾಗ್ತದೆ. ಪೈಪ್ ಗಟ್ಟಿಯಾಗಿ ಹತ್ತದಿದ್ರೆ ತುದಿಯನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಬೆಣ್ಣೆ ಹಾಗೆ ಹೋಗ್ತದೆ. ಎರಡು ಬಾಯಿಯ ಪಂಪಾದ್ರೆ ಪೈಪ್ ಅದಲುಬದಲು ಆಗದ ಹಾಗೆ ಬಿಚ್ಚುವ ಮೊದ್ಲೇ ಒಂದಕ್ಕೆ ಟೇಪ್ ಸುತ್ತಿಡಿ, ಇಲ್ಲದಿದ್ರೆ ಮುಂದೆ ಎಳೆದ್ರೆ ಹಿಂದಿನ ಗ್ಲಾಸ್ ತೊಳೀತದೆ. ಪ್ಲಾಸ್ಟಿಕ್ ಹೊದಿಕೆ ಹಾಕುವ ಮೊದ್ಲು ಬ್ಯಾಟರಿ ಕೊಟ್ಟು ಒಮ್ಮೆ ಓಡಿಸಿ ನೋಡೋದು ಒಳ್ಳೇದು. ಶುರುವಿಗೆ ಕೆಲವು ಸೆಕೆಂಡ್ ಬರೀ ಗಾಳಿ ಬರ್ತದೆ, ಪೈಪ್ ಖಾಲಿ ಇರ್ತದಲ್ಲ. ನಮ್ಮದು ಎರಡನೇ ಎಳೆತಕ್ಕೆ ಚಿಮ್ಮಿತು, ಆದ್ರೆ ಒಂದು ಧಾರೆ ಸೀದಾ ಮಾಡಿನ ಮೇಲೆ! ನೋಝಲಿನ ಗುಂಡನ್ನು ಪಿನ್ನಲ್ಲಿ ತಿರುಗಿಸಿ ಗ್ಲಾಸಿನ ನಡುವಿಗಿಂತ ಸ್ವಲ್ಪ ಮೇಲೆ ಬೀಳುವ ಹಾಗೆ ಮಾಡಿದೆ. ನಿಂತ ಕಾರಲ್ಲಿ ಸರಿ ನಡುವಿಗೆ ಇಟ್ರೆ, ಹೈವೇಯಲ್ಲಿ ಗಾಳಿ ಧಾರೆಯನ್ನು ಕೆಳಗೆ ಒತ್ತಿ ವೈಪರಿನ ಬುಡಕ್ಕೆ ಬೀಳಿಸ್ತದೆ.

ಹಳೇ ಪಂಪನ್ನು ಬಿಸಾಡುವ ಮೊದ್ಲು ಕುತೂಹಲಕ್ಕೆ ಹ್ಯಾಕ್ಸಾದಲ್ಲಿ ಕೊಯ್ದೆ. ಶಾಫ್ಟಿನ ಸೀಲ್ ಹೋಗಿ ನೀರು ಮೋಟರಿನ ಒಳಗೇ ಇಳಿದಿತ್ತು, ಬೇರಿಂಗ್ ಪೂರಾ ತುಕ್ಕು, ಕಾರ್ಬನ್ ಬ್ರಶ್ ಸವೆದು ಪುಡಿ. ರಿಪೇರಿ ಎಲ್ಲ ಆಗುವ ವಸ್ತು ಅಲ್ಲ ಅದು.

ಇನ್ನು ಟ್ಯಾಂಕಿಗೆ ಎಂತ ಹಾಕೋದು ಅಂತ ಭಾವನಿಗೂ ನಂಗೂ ಚರ್ಚೆ. ಅವರು ತಲೆಗೆ ಹಾಕುವ ಶಾಂಪೂ ಎರಡು ಹನಿ ಸಾಕು ಅಂತಾರೆ, ಅದು ನೊರೆ ಬಂದು ನೋಝಲಿನಲ್ಲಿ ಅಂಟ್ತದೆ, ಗ್ಲಾಸಲ್ಲಿ ಗೆರೆ ಬರ್ತದೆ. ಬರೀ ನೀರು ಸಾಕು ಅಂದ್ರೆ ಪಾಚಿಯ ಕಥೆ ಹೇಳಿ ಆಯ್ತಲ್ಲ, ಅಲ್ಲದೆ 2010ರಲ್ಲಿ ಇಂಗ್ಲೆಂಡಿನ ಹೆಲ್ತ್ ಪ್ರೊಟೆಕ್ಷನ್ ಏಜೆನ್ಸಿಯವರು, ವಾಷರಿಗೆ ಲಿಕ್ವಿಡ್ ಬೆರೆಸದೆ ಬರೀ ನೀರು ಹಾಕುವ ಡ್ರೈವರುಗಳಿಗೆ ಲೀಜನೇರ್ಸ್ ಅನ್ನುವ ನ್ಯುಮೋನಿಯಾದ ಅಪಾಯ ಜಾಸ್ತಿ ಅಂತ ಹೇಳಿದ್ರು, ನಿಂತ ಬೆಚ್ಚಗಿನ ನೀರಲ್ಲಿ ಅದರ ಬ್ಯಾಕ್ಟೀರಿಯಾ ಬೆಳೀತದೆ ಅಂತೆ. ನಾನು ಫಿಲ್ಟರ್ ನೀರಿಗೆ ಕಾರಿನ ವಾಷರ್ ಲಿಕ್ವಿಡನ್ನೇ ಬಾಟಲಿಯಲ್ಲಿ ಬರೆದಷ್ಟು ಬೆರೆಸಿ ಹಾಕ್ತಿದ್ದೇನೆ. ಮೀನಿನ ಲಾರಿಯ ನೀರಿಗೆ ಅದೇ ಗಟ್ಟಿ. ಭಾವ ಇನ್ನೂ ಒಪ್ಪಿಲ್ಲ, ಆದ್ರೆ ಆ ಅಂಗಡಿ ಪಂಪ್‌ವೆಲ್‌ನಲ್ಲಿ ಯಾವ ಸೈಡಿಗೆ ಬರ್ತದೆ ಅಂತ ನಿನ್ನೆ ಫೋನ್ ಮಾಡಿ ಕೇಳಿದ್ರು.